ಕುಂಕುಮ ಹಚ್ಚಿದ ಕ್ಲಚ್ ಪ್ಲೇಟು

ಒಂದು ಕಾರಿನ ಕ್ಲಚ್ಚನ್ನು ಮನೆಯಂಗಳದಲ್ಲಿ ಎರಡು ಸಲ ಬಿಚ್ಚಿ ಎರಡು ಸಲ ಹಾಕಿದವಳು ನಾನು. ಎರಡು ಸಲ ಯಾಕೆ ಎಂದು ಕೇಳಿದವರಿಗೆಲ್ಲ, ಮೊದಲ ಸಲ ತಪ್ಪು ಮಾಡಿದೆ ಎಂದು ನೇರವಾಗಿಯೇ ಹೇಳಿದ್ದೇನೆ. ಆದರೆ ಆ ತಪ್ಪು ಯಾವುದು ಎನ್ನುವ ವಿಷಯದಲ್ಲಿ ನಮ್ಮ ಬಳಗದಲ್ಲಿ ಇವತ್ತಿಗೂ ಎರಡು ಪಕ್ಷ ಇವೆ. ಅಣ್ಣನ ಪಕ್ಷಕ್ಕೆ ಜನ ಜಾಸ್ತಿ. ಇರಲಿ, ಬರೆಯಲು ಕೂತವಳು ನಾನು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬೆನ್ಸನ್ ಟೌನಿನ ಒಂದು ಹಳೆಯ ಬಂಗಲೆಯ ಹಿಂದಿನ ಔಟ್‌ಹೌಸಿನಲ್ಲಿ ನಾನೂ ಅವ್ವನೂ ಬಾಡಿಗೆಗಿದ್ದೆವು. ಕಲಬುರಗಿಯಿಂದ ಬಂದವರು. ಅಣ್ಣ ಹೆಂಡತಿ ಮಕ್ಕಳೊಂದಿಗೆ ಕೆ.ಆರ್. ಪುರದಲ್ಲಿದ್ದ, ಅಲ್ಲಿಯೇ ಒಂದು ಫ್ಯಾಕ್ಟರಿಯಲ್ಲಿ ಅವನಿಗೆ ಕೆಲಸ. ನನಗೆ ಇಂದಿರಾನಗರದ ಒಂದು ಡ್ರಾಯಿಂಗ್ ಆಫೀಸಿನಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವ ಕೆಲಸ. ದಿನಕ್ಕೆ ಎಂಟು ಗಂಟೆ ಗೇರು, ಶಾಫ್ಟು, ಬೇರಿಂಗು ಬರೆಯುತ್ತಿದ್ದೆ, ಒಂದನ್ನೂ ಕೈಯಲ್ಲಿ ಹಿಡಿದವಳಲ್ಲ. ಅಪ್ಪ ಊರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ಅಣ್ಣನನ್ನು ಜೊತೆಗೆ ಕರೆದೊಯ್ದು ಪಾನಾ ಹಿಡಿಯುವುದನ್ನು ಕಲಿಸಿದ. ನಮ್ಮ ಕಡೆ ಸ್ಪ್ಯಾನರಿಗೆ ಪಾನಾ ಅನ್ನುತ್ತಾರೆ. ನಾನೂ ಬರುತ್ತೇನೆ ಎಂದರೆ, ಹೆಣ್ಣುಮಕ್ಕಳ ಕೈಗೆ ಗ್ರೀಸ್ ಹತ್ತಿದರೆ ಹೋಗುವುದಿಲ್ಲ ಎಂದು ನಗುತ್ತಿದ್ದ. ಗಂಡಸರದೇನು ತಾನಾಗಿ ಹೋಗುತ್ತಿತ್ತೇ? ಅವ್ವ ಕಲ್ಲಿನ ಮೇಲೆ ಕೂತು ಅವನ ಖಾಕಿ ಬಟ್ಟೆಯನ್ನು ತಿಕ್ಕಿ ತಿಕ್ಕಿ ತೆಗೆಯುತ್ತಿದ್ದಳು. ಅಪ್ಪ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಅವನ ಪಾನಾಗಳ ತಗಡಿನ ಪೆಟ್ಟಿಗೆ ಅಣ್ಣನ ಮನೆಯಲ್ಲಿ ಜಾಗವಿಲ್ಲದೆ ನಮ್ಮ ಮಂಚದ ಕೆಳಗೆ ಬಂದಿತ್ತು.

ಮನೆಯ ಒಡತಿಯನ್ನು ನಾವು ಆಂಟಿ ಎನ್ನುತ್ತಿದ್ದೆವು. ಎಪ್ಪತ್ತು ದಾಟಿದ ಕ್ರಿಶ್ಚಿಯನ್ ಹೆಂಗಸು. ತಮಿಳು, ಇಂಗ್ಲಿಷ್, ಕನ್ನಡ ಮೂರನ್ನೂ ಒಂದೇ ಮಾತಿನಲ್ಲಿ ಕಲಸಿ ಆಡುವರು. ಗಂಡ ಹೋಗಿ ಹತ್ತು ವರ್ಷವಾಗಿದ್ದರೂ ಬೆಳಿಗ್ಗೆ ತುಟಿಗೆ ಬಣ್ಣ ಹಚ್ಚಿಕೊಳ್ಳದೆ ಹಾಲಿನವನಿಗೂ ಮುಖ ತೋರಿಸುತ್ತಿರಲಿಲ್ಲ. ಅವ್ವ ಅದನ್ನು ಕಿಟಕಿಯಿಂದ ನೋಡಿ, ಛಲೋ ಅದ ನೋಡು ಇವರದು, ಎನ್ನುತ್ತಿದ್ದಳು. ಅದರಲ್ಲಿ ಬೈಗುಳ ಎಷ್ಟು, ಆಸೆ ಎಷ್ಟು ಎಂದು ನಾನು ಆಗ ಯೋಚಿಸಲಿಲ್ಲ.

ಆಂಟಿಯ ಗಂಡನ ಕಾರು ಶೆಡ್ಡಿನಲ್ಲಿ ನಿಂತಿತ್ತು. ಎರಡೇ ಸೀಟು, ಬಟ್ಟೆಯ ಟಾಪು, ಕೆಂಪು ಬಣ್ಣ, ಕೂತರೆ ಕುಂಡಿ ರಸ್ತೆಗೆ ತಾಗುತ್ತದೇನೋ ಎನ್ನುವಷ್ಟು ತಗ್ಗು. ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಆಂಟಿ ವಾರಕ್ಕೊಮ್ಮೆ ಅದನ್ನು ಸ್ಟಾರ್ಟ್ ಮಾಡಿಸುತ್ತಿದ್ದರು. ಇಂಜಿನ್ ಓಡುತ್ತಿತ್ತು, ಕಾರು ಓಡುತ್ತಿರಲಿಲ್ಲ, ಕ್ಲಚ್ ಸವೆದು ಹೋಗಿತ್ತು. ಕ್ಲಚ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಇಂಜಿನ್ ತಿರುಗುವುದನ್ನು ಗೇರ್‌ಬಾಕ್ಸಿಗೆ ದಾಟಿಸಲು ನಡುವೆ ತಟ್ಟೆಯಂಥ ಒಂದು ಪ್ಲೇಟು ಇರುತ್ತದೆ, ಅದರ ಎರಡೂ ಮೈಗೆ ಒರಟು ಲೈನಿಂಗು. ಒರಟಾಗಿ ಒಣಗಿದ್ದರೆ ಕಚ್ಚಿ ಹಿಡಿಯುತ್ತದೆ, ಸವೆದರೆ ಜಾರುತ್ತದೆ.

ಆ ವರ್ಷ ಆಂಟಿ ಬಂಗಲೆಯನ್ನು ಬಿಲ್ಡರಿಗೆ ಕೊಟ್ಟು ಹಲಸೂರಿನ ತಂಗಿಯ ಮನೆಗೆ ಹೋಗುವುದೆಂದಾಯಿತು. ದೀಪಾವಳಿ ಮುಗಿದ ಭಾನುವಾರ ಕೀಲಿಕೈ ಕೊಡಬೇಕು. ನಾವೂ ಬೇರೆ ಮನೆ ನೋಡಿಕೊಂಡಿದ್ದೆವು. ಉಳಿದದ್ದು ಕಾರು. ಶಿವಾಜಿನಗರದ ಗುಜರಿಯವನೊಬ್ಬ ಬಂದು, ಇಲ್ಲಿಯೇ ಕತ್ತರಿಸಿ ಒಯ್ಯುತ್ತೇನೆ ಎಂದು ಹೇಳಿ ಹೋದ. ನಾನು ಅದನ್ನು ರಿಪೇರಿ ಮಾಡಿ ಓಡಿಸುತ್ತೇನೆ ಎಂದು ಬಾಯಿ ಬಿಟ್ಟೆ. ಯಾಕೆ ಬಿಟ್ಟೆನೋ, ಆ ಕಾರನ್ನು ನೋಡಿದರೆ ನನಗೆ ಹಾಗೆ ಆಗುತ್ತಿತ್ತು. ಆಂಟಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೋಡಮ್ಮಾ, ಅವರು ಇದನ್ನ ಒಂದಿನಾನೂ ಹಗ್ಗ ಕಟ್ಟಿ ಎಳಸಿಲ್ಲ. ಆ ಸಂಡೇ ಒಳಗೆ ಅದಾಗ್ ಅದೇ ಗೇಟ್ ದಾಟಿದ್ರೆ ನಿಂದು. ಇಲ್ಲಾಂದ್ರೆ ಇಲ್ಲೇ ಕಟ್ ಮಾಡ್ಲಿ."

ಗೇಟು ದಾಟುವುದು ಸುಲಭವಿರಲಿಲ್ಲ. ಡಾಂಬರಿನ ಮೇಲೆ ಡಾಂಬರು ಸುರಿದು ಹೊರಗಿನ ರಸ್ತೆ ಎತ್ತರವಾಗಿ, ಕಂಪೌಂಡು ತಗ್ಗಿಗೆ ಬಿದ್ದಿತ್ತು. ಅಂಗಳದಿಂದ ಗೇಟಿಗೆ ಕಡಿದಾದ ಕಲ್ಲುಹಾಸಿನ ಏರು. ಮೆಕ್ಯಾನಿಕ್ ಒಬ್ಬನನ್ನು ಕರೆಸಿದೆ. ಅವನು ಕಾರನ್ನು ಒಂದು ಸುತ್ತು ಹಾಕಿ, ಇದರ ಸಾಮಾನು ಸಿಗುವುದಿಲ್ಲ ಎಂದ. ಕಾರಿನ ಜೊತೆ ಬಂದ ಕೈಪುಸ್ತಕ ಇದೆ, ನೋಡಿ ಎಂದು ನಾನು ಕೊಟ್ಟರೆ, ಅದನ್ನು ಮುಟ್ಟದೆ, ಮನೆಯಲ್ಲಿ ಗಂಡಸರು ಯಾರೂ ಇಲ್ಲವಾ ಮೇಡಂ ಎಂದು ಕೇಳಿದ. ಆ ಕ್ಷಣಕ್ಕೆ ತೀರ್ಮಾನವಾಯಿತು. ಕಾರು ಕತ್ತರಿಸಿ ಹೋದರೂ ಸರಿ, ಇನ್ನೊಬ್ಬನನ್ನು ಕರೆಯುವವಳಲ್ಲ ನಾನು.

ಆ ಕಾರಿನ ಗೇರ್‌ಬಾಕ್ಸು ಕೆಳಗಿನಿಂದ ಬರುವುದಿಲ್ಲ, ಒಳಗಿನಿಂದ ಬರುತ್ತದೆ. ಸೀಟು ತೆಗೆದು, ಎರಡು ಸೀಟಿನ ನಡುವಿನ ತಗಡಿನ ಗೂಡು ಬಿಚ್ಚಿ, ತೊಡೆಯ ಮೇಲೆ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಬೇಕು. ಎರಡು ಭಾನುವಾರ ಬಿಚ್ಚಿದೆ. ಬಿಚ್ಚಿದ ಬೋಲ್ಟುಗಳನ್ನೆಲ್ಲ ಒಂದೇ ಹಿಟ್ಟಿನ ಡಬ್ಬಿಗೆ ಸುರಿದೆ. ಯಾವುದು ಎಲ್ಲಿಯದು ಎಂದು ಆಮೇಲೆ ನಾನೂ ಹೇಳಲಾರೆ, ಬ್ರಹ್ಮನೂ ಹೇಳಲಾರ. ಎತ್ತಲು ಅಣ್ಣ ಬಂದ. ಎತ್ತಿದ, ನಕ್ಕ, ಊಟ ಮಾಡಿ ಹೋದ. ಡಿಪೋದವನ ಮಗಳಾಗಿ ಹುಟ್ಟಿದ ಕೂಡಲೇ ಮೆಕ್ಯಾನಿಕ್ ಆಗಾಕಾಗ್ತದೇನು ಎಂದು ಅತ್ತಿಗೆಗೆ ಹೇಳಿ ನಕ್ಕನಂತೆ. ಹುಟ್ಟಿದ ಕೂಡಲೇ ಅವನೂ ಆಗಿರಲಿಲ್ಲ, ಅಪ್ಪ ಕಲಿಸಿದ್ದ.

ಸವೆದ ಪ್ಲೇಟನ್ನು ಚೀಲದಲ್ಲಿ ಹಾಕಿಕೊಂಡು ಶಿವಾಜಿನಗರಕ್ಕೆ ಹೋದೆ. ಮಸೀದಿಯ ಹಿಂದಿನ ಗಲ್ಲಿಯಲ್ಲಿ ಒಬ್ಬ ಮುದುಕರು ಹಳೆಯ ಪ್ಲೇಟಿಗೆ ಹೊಸ ಲೈನಿಂಗು ಕೂರಿಸಿ ರಿವಿಟ್ ಹೊಡೆದು ಕೊಡುತ್ತಿದ್ದರು. ಗಾಡಿ ಯಾವುದು, ಬಿಚ್ಚಿದ್ದು ಯಾರು ಎಂದು ಕೇಳಿದರು. ನಾನೇ ಎಂದೆ. ನಗಲಿಲ್ಲ. ಹಾಕುವಾಗ ಎಣ್ಣೆ ಕೈ ತಾಗಿಸಬೇಡಿ, ಇದು ಎಣ್ಣೆ ಕುಡಿಯುತ್ತದೆ ಎಂದಷ್ಟೇ ಹೇಳಿದರು. ನಾನು ಹೂಂ ಎಂದೆ. ಅದನ್ನು ಈಗಲೂ ಒಪ್ಪಿಕೊಳ್ಳುತ್ತೇನೆ, ನನಗೆ ಹೇಳಿರಲಿಲ್ಲ ಎಂದು ತಪ್ಪಿಸಿಕೊಳ್ಳುವುದಿಲ್ಲ.

ಪ್ಲೇಟು ಕೈಗೆ ಬಂದ ಮಾರನೆಯ ದಿನ ಆಯುಧಪೂಜೆ. ನಮ್ಮ ಮನೆಯಲ್ಲಿ ಅಪ್ಪ ಮಾಡುತ್ತಿದ್ದ ಪೂಜೆಗೆ ಒಂದು ಪದ್ಧತಿ ಇತ್ತು. ಪಾನಾಗಳನ್ನೆಲ್ಲ ಮಣೆಯ ಮೇಲೆ ಸಾಲಾಗಿ ಇಟ್ಟು, ಕುಂಕುಮವನ್ನು ಶೇಂಗಾ ಎಣ್ಣೆಯಲ್ಲಿ ಕಲಸಿ ಹಚ್ಚುವುದು. ಒಣ ಕುಂಕುಮ ಕಬ್ಬಿಣದ ಮೇಲೆ ನಿಲ್ಲುವುದಿಲ್ಲ, ಎಣ್ಣೆಯದಾದರೆ ವರ್ಷಗಟ್ಟಲೆ ಇರುತ್ತದೆ. ಅಪ್ಪನ ನಂತರ ಅದು ಅಣ್ಣನ ಪಾಲಿನ ಕೆಲಸ. ಅವ್ವ ಬೆಳಿಗ್ಗೆಯೇ ಮಣೆ ತೊಳೆದು, ಪಾನಾ ಜೋಡಿಸಿ, ನಡುವೆ ಹೊಸ ಪ್ಲೇಟಿಟ್ಟು, ಹೂವು ಹಣ್ಣು ಎಲ್ಲ ತಂದು, ತಾನು ಮಾತ್ರ ಬಾಗಿಲ ಹಿಂದೆ ಸರಿದು ನಿಂತಳು. ಅಣ್ಣ ಬರಲಿ ಅಂತ. ಅವನಿಗೆ ಫ್ಯಾಕ್ಟರಿಯ ಪೂಜೆ, ಮಧ್ಯಾಹ್ನವಾದರೂ ಸುಳಿವಿಲ್ಲ. ಕುಂಕುಮದ ಬಟ್ಟಲು ಅವ್ವನ ಪಕ್ಕದಲ್ಲಿಯೇ ಇತ್ತು. ಮುಟ್ಟುತ್ತಿರಲಿಲ್ಲ. ನಾಲ್ಕು ವರ್ಷದಿಂದ ಮುಟ್ಟಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಆ ಪಾನಾಗಳನ್ನು ಹಿಡಿದವನ ಬಟ್ಟೆ ಒಗೆದವಳು, ಬುತ್ತಿ ಕಟ್ಟಿದವಳು, ಅವನ ಕೈಯ ಗಾಯಕ್ಕೆ ಅರಿಶಿನ ಒತ್ತಿದವಳು ಬಾಗಿಲ ಹಿಂದೆ ನಿಲ್ಲಬೇಕು, ಕೆ.ಆರ್. ಪುರದಿಂದ ಬಸ್ಸು ಬರುವತನಕ ಪೂಜೆಯೂ ಕಾಯಬೇಕು. ಅವ್ವನ ಕೈ ಹಿಡಿದು ಎಳೆದೆ. ನೀನೇ ಹಚ್ಚು ಎಂದೆ. ಒಲ್ಲೆ ಒಲ್ಲೆ ಎಂದಳು, ಬಿಡಿಸಿಕೊಳ್ಳಲು ನೋಡಿದಳು. ನಾನು ಬಟ್ಟಲಿಗೆ ಎಣ್ಣೆ ಹಾಕಿ ಕಲಸಿ ಅವಳ ಬೆರಳನ್ನು ಹಿಡಿದು ಅದ್ದಿದೆ. ಆಮೇಲೆ ಅವಳೇ ಹಚ್ಚಿದಳು. ಪಾನಾಗಳಿಗೆ ಒಂದೊಂದು ಬೊಟ್ಟು. ಪ್ಲೇಟು ಹೊಸದು, ಮುಖ್ಯದ್ದು, ಎಂದು ಅದರ ಎರಡೂ ಮೈಗೆ ಧಾರಾಳವಾಗಿ, ಅಂಗೈಯಿಂದ ಸವರಿ ಹಚ್ಚಿದಳು. ಎಣ್ಣೆ ಕುಡಿಯುತ್ತದೆ ಎಂಬ ಮಾತು ನನ್ನ ತಲೆಯಲ್ಲಿ ಬಂದು ಹೋಯಿತು. ಅವ್ವನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ನಾಳೆ ಒರೆಸಿದರಾಯಿತು ಅಂದುಕೊಂಡೆ.

ಮರುದಿನ ಬಟ್ಟೆಯಿಂದ ಒರೆಸಿದೆ, ಹೊರಗಿನ ಕೆಂಪು ಹೋಯಿತು. ಪ್ಲೇಟು ನಡುಮಧ್ಯಕ್ಕೆ ಕೂರಬೇಕು, ಇಲ್ಲದಿದ್ದರೆ ಗೇರ್‌ಬಾಕ್ಸು ಒಳಗೆ ಹೋಗುವುದಿಲ್ಲ. ಅದಕ್ಕೆ ಬೇಕಾದ ಉಪಕರಣ ನಮ್ಮಲ್ಲಿರಲಿಲ್ಲ, ಅವ್ವನ ಲಟ್ಟಣಿಗೆಯ ತುದಿಗೆ ಟೇಪು ಸುತ್ತಿ ಅದನ್ನೇ ತೂರಿಸಿ ಕೂರಿಸಿದೆ. ಡಬ್ಬಿಯ ಬೋಲ್ಟುಗಳನ್ನು ಅಳೆದು ಅಳೆದು ಜಾಗ ಹುಡುಕಿದ್ದಕ್ಕೆ ಅರ್ಧ ದಿನ ಹೋಯಿತು. ಮುಂದಿನ ಭಾನುವಾರ ಅಣ್ಣ ಬಂದು ಗೇರ್‌ಬಾಕ್ಸು ಇಳಿಸಿದ, ಪೈಪಿನ ಗಾಳಿ ತೆಗೆಯಲು ಕ್ಲಚ್ ಪೆಡಲು ಒತ್ತಿ ಕೊಟ್ಟ. ಸಂಜೆಗೆ ನಾನು ಸ್ಟಾರ್ಟ್ ಮಾಡಿ ಗೇರಿಗೆ ಹಾಕಿದೆ. ಕಾರು ಅಂಗಳದಲ್ಲಿ ಚಲಿಸಿತು. ಏರಿಗೆ ಮುಂದಿನ ಚಕ್ರ ಹತ್ತಿತು ನೋಡಿ, ಇಂಜಿನ್ ಅರಚಿಕೊಂಡಿತು, ಕಾರು ನಿಂತಲ್ಲೇ ನಿಂತಿತು. ಇನ್ನೂ ಒತ್ತಿದೆ. ಇನ್ನೂ ಅರಚಿತು. ಸುಟ್ಟ ವಾಸನೆ ಅಂಗಳ ತುಂಬಿತು, ಕಾರು ಮೆಲ್ಲನೆ ಹಿಂದಕ್ಕೆ ಜಾರಿತು.

ಅಣ್ಣ ಗಾಡಿಯ ಸುತ್ತ ನೋಡಿದ. ಎಲ್ಲ ಸರಿ ಇದೆಯಲ್ಲ ಎಂದು ತಲೆ ಕೆರೆದುಕೊಂಡ. ಆಮೇಲೆ ಏನೋ ನೆನಪಾದವನಂತೆ, ಆ ದಿನ ತಾನು ಬರಲಿಲ್ಲ, ಪೂಜೆ ಯಾರು ಮಾಡಿದರು ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅವ್ವ, ನಾ ಮಾಡಿದೆ ಎಂದಳು.

"ಅದಕ್ಕ ಮತ್ತ," ಎಂದ ಅಣ್ಣ.

ಎರಡೇ ಮಾತು. ಅವನು ಕೆಟ್ಟವನಲ್ಲ, ಅವ್ವನ ಮೇಲೆ ಪ್ರೀತಿ ಇಲ್ಲದವನೂ ಅಲ್ಲ. ಆದರೆ ಆ ಎರಡು ಮಾತನ್ನು ಅವನು ಎಷ್ಟು ಸಹಜವಾಗಿ ಹೇಳಿದನೋ, ಅವ್ವ ಅದನ್ನು ಅಷ್ಟೇ ಸಹಜವಾಗಿ ತಗೊಂಡಳು. ನಾನು ಅವನ ಮೇಲೆ ಕೂಗಾಡಿದೆ. ಇನ್ನು ಈ ಗಾಡಿಗೆ ನಿನ್ನ ಕೈ ತಾಗಿಸಬೇಡ ಎಂದೆ. ಅವನು ಕೈ ಝಾಡಿಸಿ ಹೋಗಿಬಿಟ್ಟ. ಮರುದಿನದಿಂದ ಅವ್ವ ದೇವರ ಮುಂದೆ ದೀಪ ಹಚ್ಚುವುದನ್ನೇ ಬಿಟ್ಟಳು. ನೀ ಹಚ್ಚವ್ವ, ನನ್ನ ಕೈ ಬ್ಯಾಡ, ಎಂದಳು. ಕೀಲಿಕೈ ಕೊಡಲು ಎರಡು ವಾರ ಉಳಿದಿತ್ತು. ಅಷ್ಟು ದಿನ ನನಗೆ ಬೇಕಾಗಿದ್ದದ್ದು ಕಾರು. ಆ ಬೆಳಿಗ್ಗೆಯಿಂದ ಕಾರು ಹಾಳಾಗಿ ಹೋಗಲಿ ಅನ್ನಿಸಿತು. ಆದರೆ ಕಾರು ಆ ಏರು ಹತ್ತದೆ ಗುಜರಿಗೆ ಹೋದರೆ ಅವ್ವ ಬದುಕಿರುವವರೆಗೂ ತನ್ನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಇರುತ್ತಾಳೆ ಎಂದು ನನಗೆ ಗೊತ್ತಿತ್ತು.

ಆಫೀಸಿಗೆ ರಜೆ ಹಾಕಿದೆ. ಟಾಪು ಮಡಚಿ, ಶೆಡ್ಡಿನ ತೊಲೆಗೆ ಹಗ್ಗ ಕಟ್ಟಿ ಗೇರ್‌ಬಾಕ್ಸನ್ನು ಒಬ್ಬಳೇ ಎತ್ತಿದೆ. ಮಧ್ಯದ ಬೆರಳಿನ ಉಗುರು ಹೋಯಿತು. ಈ ಸಲ ಒಂದೊಂದು ಬೋಲ್ಟನ್ನೂ ಒಂದು ರಟ್ಟಿನ ಮೇಲೆ ಅದರದರ ಜಾಗದ ಚಿತ್ರ ಬರೆದು ಚುಚ್ಚಿಟ್ಟೆ. ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದರೆ ಹೋಗುತ್ತದೇನೋ ಎಂದು ನೋಡಿದೆ. ಎಣ್ಣೆ ಒಳಗೇ ಇಳಿದು ಬೆಂದು ಗಾಜಿನಂತಾಗಿತ್ತು. ಅದನ್ನು ತೆಗೆದುಕೊಂಡು ಮತ್ತೆ ಶಿವಾಜಿನಗರದ ಮುದುಕರ ಹತ್ತಿರ ಹೋದೆ.

ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಇದಕ್ಕೆ ಮದುವೆ ಮಾಡಿದಿರಾ ಮೇಡಂ ಎಂದರು. ರಿವಿಟ್ಟಿನ ಸಂದಿಯಲ್ಲಿ ಕೆಂಪು ಉಳಿದಿತ್ತು. ನಾಚಿಕೆಯಿಂದ ನಡೆದದ್ದು ಹೇಳಿದೆ. ಅವ್ವನ ವಿಷಯ ಹೇಳಲಿಲ್ಲ, ಪೂಜೆಯದಷ್ಟೇ ಹೇಳಿದೆ. ಮುದುಕರು ಅಂಗಡಿಯ ಮೂಲೆಗೆ ಕೈ ತೋರಿಸಿದರು. ಅಲ್ಲಿ ನಾಲ್ಕೈದು ಪ್ಲೇಟು, ಬ್ರೇಕಿನ ಒಂದಿಷ್ಟು ಸಾಮಾನು ಬಿದ್ದಿದ್ದವು, ಎಲ್ಲದರ ಮೈಮೇಲೂ ಕೆಂಪು ಕಲೆ.

"ಹರ್ ಸಾಲ್ ಹಬ್ಬ ಆದ್ಮೇಲೆ ಬರ್ತಾವೆ ಮೇಡಂ. ಆಟೋದೋರು, ಲಾರಿಯೋರು, ದೊಡ್ ದೊಡ್ ಗ್ಯಾರೇಜ್‌ನೋರು. ಇದೆಲ್ಲಾ ಗಂಡಸ್ರೇ ಹಚ್ಚಿದ್ದು. ಹೆಂಗಸು ಅಂದ್ರೆ ಇವತ್ತು ನೀವೊಬ್ರೇ ಬಂದಿರೋದು."

ನನಗೆ ಅಲ್ಲಿಯೇ ಅವರ ಕಾಲು ಮುಟ್ಟಬೇಕು ಅನ್ನಿಸಿತು. ಅವುಗಳಲ್ಲಿ ಒಂದನ್ನು ಎರವಲು ಕೊಡಿ, ಹೊಸ ಲೈನಿಂಗು ತೆಗೆದುಕೊಳ್ಳಲು ಬಂದಾಗ ವಾಪಸು ಕೊಡುತ್ತೇನೆ ಎಂದೆ. ಯಾಕೆ ಎಂದು ಕೇಳದೆ ಕೊಟ್ಟರು. ಒಂದು ಲಾರಿಯದು, ಹೋಳಿಗೆಯ ಹೆಂಚಿನಷ್ಟು ಅಗಲ. ಅದನ್ನು ಎದೆಗೆ ಅವಚಿಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ.

ಅವ್ವ ಅಕ್ಕಿ ಆರಿಸುತ್ತಾ ಕೂತಿದ್ದಳು. ಲಾರಿಯ ಪ್ಲೇಟನ್ನು ಅವಳ ಮುಂದಿಟ್ಟೆ. ಮುದುಕರು ಹೇಳಿದ್ದನ್ನೆಲ್ಲ ಹೇಳಿದೆ. ಅವ್ವ ಕೆಂಪು ಕಲೆಯನ್ನು ಉಗುರಿನಿಂದ ಕೆರೆದು ನೋಡಿದಳು, ಮೂಸಿದಳು. ಆದರೆ ಅಷ್ಟಕ್ಕೆ ಕರಗುವವಳಲ್ಲ.

"ನಿಮ್ಮಪ್ಪ ಹಚ್ಚಿದ್ರ ಹಿಂಗ ಆಗ್ತಿದ್ದಿಲ್ಲ," ಎಂದಳು.

"ಅಪ್ಪ ಹಚ್ಚಿದ್ರೂ ಜಾರ್ತಿತ್ತವ್ವ. ಅಪ್ಪ ಪಾನಾಕ್ಕ ಹಚ್ಚತಿದ್ದ, ಪ್ಲೇಟಿಗಿ ಅಲ್ಲ. ಎಣ್ಣಿ ತಾಗಿಸಬಾರದು ಅಂತ ನನಗ ಗೊತ್ತಿತ್ತು. ನಾ ಸುಮ್ಮನಿದ್ದೆ. ತಪ್ಪು ನನ್ನ ಬಾಯಿದು, ನಿನ್ನ ಕೈದಲ್ಲ."

ಅವ್ವ ಮತ್ತೆ ಅಕ್ಕಿ ಆರಿಸತೊಡಗಿದಳು. ಅವಳ ಬೆರಳುಗಳನ್ನು ನೋಡುತ್ತಿದ್ದ ನನಗೂ ಒಂದು ವಿಷಯ ಸ್ಪಷ್ಟವಾಯಿತು. ಬಾಯಿ ಮುಚ್ಚಿಕೊಂಡದ್ದೊಂದೇ ಅಲ್ಲ ನನ್ನ ತಪ್ಪು. ಕೈ ಹಿಡಿದು ಎಳೆದು, ಬೆರಳನ್ನು ಬಟ್ಟಲಿಗೆ ಅದ್ದಿದ್ದೂ ತಪ್ಪೇ. ಲೋಕದ ಜೊತೆ ಜಗಳವಾಡುವ ಹುಕಿ ನನ್ನದು, ಅದಕ್ಕೆ ಕೈ ಅವಳದು. ಹಾಗೆ ಮಾಡಿದ್ದಕ್ಕೆ ಇವತ್ತಿಗೂ ನನ್ನ ಬಗ್ಗೆ ನನಗೆ ಬೇಜಾರಿದೆ. ಆದರೆ ಅವಳು ಹಚ್ಚಿದ್ದಕ್ಕೆ ಎಳ್ಳಷ್ಟೂ ಇಲ್ಲ, ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಹೊಸ ಲೈನಿಂಗು ಬಂತು. ನಾನು ಕೈಯನ್ನು ಸೋಪಿನಲ್ಲಿ ಮೂರು ಸಲ ತೊಳೆದು ಪ್ಲೇಟು ಕೂರಿಸುತ್ತಿದ್ದಾಗ ಅವ್ವ ಶೆಡ್ಡಿಗೆ ಬಂದಳು. ಕರೆದಿರಲಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾನಾ ಕೈಗೆ ತೆಗೆದುಕೊಂಡಳು. ಸುತ್ತಲಿನ ಆರು ಬೋಲ್ಟನ್ನು ಒಂದೇ ಕಡೆಯಿಂದ ಬಿಗಿಯಬಾರದು, ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು ಎಂದು ಹೇಳಿಕೊಟ್ಟೆ. ಕೌದಿ ಹೊಲಿಯುವಾಗ ಹಂಗ ಎಳೀಬೇಕು, ಇಲ್ಲಾಂದ್ರ ಒಂದು ಕಡಿ ಸುಕ್ಕು ಹಿಡೀತದ, ಎಂದು ಅವಳೇ ಬಿಗಿದಳು. ಗೇರ್‌ಬಾಕ್ಸನ್ನು ಇಬ್ಬರೂ ಸೇರಿ ಹಗ್ಗದಿಂದ ಇಳಿಸಿ ಕೂರಿಸಿದೆವು. ಎಲ್ಲ ಮುಗಿದ ಮೇಲೆ ಅವಳು ಒಳಗೆ ಹೋಗಿ ಬಟ್ಟಲು ತಂದಳು.

"ಎಲ್ಲಿ ಹಚ್ಚಿದ್ರ ಜಾರೂದಿಲ್ಲ, ತೋರಿಸು," ಎಂದಳು.

ಗೇರ್‌ಬಾಕ್ಸಿನ ಹೊರಮೈಯನ್ನು ತೋರಿಸಿದೆ. ತಾನೇ ಎಣ್ಣೆ ಕಲಸಿ ತಾನೇ ಹಚ್ಚಿದಳು. ನಾನು ಪಕ್ಕಕ್ಕೆ ಸರಿದು ನಿಂತೆ.

ಉಳಿದದ್ದು ಪೆಡಲು. ಅದರ ಪೈಪಿನಲ್ಲಿ ಗಾಳಿ ನಿಂತರೆ ಪೆಡಲು ಸಡಿಲವಾಗಿ ಕ್ಲಚ್ಚು ಬಿಡುವುದಿಲ್ಲ. ಒಬ್ಬರು ಮೇಲೆ ಕೂತು ಒತ್ತಿ ಹಿಡಿಯಬೇಕು, ಒಬ್ಬರು ಕೆಳಗೆ ಮಲಗಿ ಗಾಳಿ ಬಿಡಬೇಕು. ಹೋದ ಸಲ ಅಣ್ಣ ಒತ್ತಿದ್ದ. ಈ ಸಲ ಅವ್ವ ಚಪ್ಪಲಿ ಕಳಚಿಟ್ಟು, ಸೀರೆ ಎತ್ತಿಕಟ್ಟಿ ಡ್ರೈವರ್ ಸೀಟಿನಲ್ಲಿ ಕೂತಳು. ಜೀವಮಾನದಲ್ಲಿ ಮೊದಲ ಸಲ. ನಾನು ಕೆಳಗಿನಿಂದ ಒತ್ತು ಎಂದರೆ ಒತ್ತುವಳು, ಬಿಡು ಎಂದರೆ ಬಿಡುವಳು. ಮಧ್ಯದಲ್ಲಿ, ಈ ಪೆಡಲ್ ಒತ್ತಿದರೆ ಒಳಗೆ ಏನಾಗುತ್ತದೆ ಎಂದು ಕೇಳಿದಳು. ಒತ್ತಿದರೆ ಪ್ಲೇಟು ಬಿಡುತ್ತದೆ, ಬಿಟ್ಟರೆ ಹಿಡಿಯುತ್ತದೆ, ಅರ್ಧ ಒತ್ತಿ ನಿಂತರೆ ತಿಕ್ಕಾಡಿ ಸುಡುತ್ತದೆ ಎಂದು ಮಲಗಿದಲ್ಲಿಂದಲೇ ಹೇಳಿದೆ. ಆಂಟಿ ವರಾಂಡದಲ್ಲಿ ಕಾಫಿ ಕುಡಿಯುತ್ತಾ, ಸೂಪರ್ ಡ್ರೈವರ್ ಎಂದು ಅವ್ವನನ್ನು ರೇಗಿಸಿದರು. ಅವ್ವ ಸ್ಟೇರಿಂಗು ಬಿಗಿಹಿಡಿದು ನಕ್ಕಳು. ಆ ನಗು ಕೇಳಿ ಕಾರಿನ ಕೆಳಗೆ ನನಗೆ ಅಳು ಬಂತು.

ಕೀಲಿಕೈ ಕೊಡುವ ಭಾನುವಾರ ಬಂತು. ಬಿಲ್ಡರಿನ ಜನ ಒಬ್ಬಿಬ್ಬರು, ಗುಜರಿಯವನು, ಆಂಟಿಯ ತಂಗಿ ಎಲ್ಲರೂ ಗೇಟಿನ ಹತ್ತಿರ ಇದ್ದರು. ಸಾಮಾನು ಸಾಗಿಸಲು ಅಣ್ಣನೂ ಬಂದಿದ್ದ. ಗಾಡಿಯ ವಿಷಯ ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವ್ವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡೆ. ಸ್ಟಾರ್ಟ್ ಮಾಡಿ ಮೊದಲ ಗೇರಿಗೆ ಹಾಕಿ ಏರಿನ ಕಡೆ ತಿರುಗಿಸಿದೆ. ಮುಂದಿನ ಚಕ್ರ ಕಲ್ಲುಹಾಸಿಗೆ ಹತ್ತಿತು. ಕ್ಲಚ್ಚು ಕಚ್ಚಿತು. ಅರಚಾಟವಿಲ್ಲ, ವಾಸನೆಯಿಲ್ಲ. ಕಾರು ಹೋರಿಯ ಹಾಗೆ ಮೂತಿ ಎತ್ತಿ ಏರತೊಡಗಿತು.

ಆಂಟಿ ಕರವಸ್ತ್ರ ತೆಗೆದು ಕಣ್ಣಿಗೆ ಒತ್ತಿಕೊಂಡರು. ಅಣ್ಣ ಅವರ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದ. ನಮ್ಮಪ್ಪನ ಪುಣ್ಯ ಆಂಟಿ, ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ನಾನು ಏರಿನ ನಟ್ಟನಡುವೆ, ಗೇಟಿಗೆ ಇನ್ನೂ ಒಂದು ಮಾರು ಇರುವಾಗ ಗಾಡಿ ನಿಲ್ಲಿಸಿದೆ. ಗುಜರಿಯವನು ಕತ್ತು ಉದ್ದ ಮಾಡಿದ. ಹ್ಯಾಂಡ್‌ಬ್ರೇಕು ಹಿಡಿಯುತ್ತಿರಲಿಲ್ಲ. ಕ್ಲಚ್ಚನ್ನು ಅರ್ಧ ಒತ್ತಿ, ಇಂಜಿನ್ನಿನ ಬಲದ ಮೇಲೆ ಕಾರನ್ನು ಹಿಡಿದು ನಿಲ್ಲಿಸಿಕೊಂಡು ತಲೆ ಹೊರಗೆ ಹಾಕಿದೆ.

"ಬೋಲ್ಟ್ ಬಿಗಿದಾಕಿ ಅವ್ವ. ಪೆಡಲ್ ಒತ್ತಿದಾಕಿ ಅವ್ವ. ಪೂಜಿ ಮಾಡಿದಾಕಿನೂ ಅವ್ವ. ಈಗ ಹೇಳಣ್ಣ, ಪುಣ್ಯ ಯಾರದು?"

ಅಣ್ಣ ಅವ್ವನ ಮುಖ ನೋಡಿದ. ಅವನು ಉತ್ತರ ಹೇಳುವತನಕ ಅಲ್ಲಿಂದ ಕದಲುವವಳಲ್ಲ ನಾನು. ಅಷ್ಟರಲ್ಲಿ ಅವ್ವ ನನ್ನ ತೊಡೆಯ ಮೇಲೆ ಪಟ್ಟನೆ ಒಂದು ಏಟು ಹಾಕಿದಳು.

"ಅಂವನ ಉತ್ತರ ಆಮ್ಯಾಲ ಕೇಳೂಣಂತ. ಅರ್ಧ ಒತ್ತಿ ನಿಂದ್ರಬ್ಯಾಡ, ಪ್ಲೇಟ್ ಸುಡ್ತದ. ಹೊಡಿ."